ಜಗತ್ತಿಗೆ ಜಾಮೀನು ಯಾರು?

ದೇವರುಂಟೆ ಎಂದು ಕೇಳುವವರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಎದುರಿಗಿರುವ ಕಲ್ಲುಂಟೆ ಎಂದು ಕೇಳುವವರು ವಿರಳ. ಆದರೂ ತತ್ತ್ವಶಾಸ್ತ್ರದಲ್ಲಿ ಒಂದನ್ನು ಸಾಧಿಸಹೊರಟ ಅನೇಕರು ಇನ್ನೊಂದನ್ನು ಸಾಕ್ಷಿಗೆ ಕರೆದಿರುವರು.

ಫ್ರಾನ್ಸಿನ ದೇಕಾರ್ತ್ ಪಂಡಿತನು 1641ರಲ್ಲಿ ಪ್ರಕಟಿಸಿದ ಲ್ಯಾಟಿನ್ ಗ್ರಂಥದಲ್ಲಿ ಮೊದಲು ಸಕಲವನ್ನೂ ಸಂಶಯಿಸಿದನು. ಕಂಡುದೆಲ್ಲ ಕನಸಾಗಿರಬಹುದು, ಯಾವನೋ ಮಾಯಾವಿಯ ವಂಚನೆಯಾಗಿರಬಹುದು. ಸಂಶಯಿಸುವ ತಾನೊಬ್ಬನು ಮಾತ್ರ ಉಳಿದನು. ತನ್ನಲ್ಲಿರುವ ಪರಿಪೂರ್ಣ ವಸ್ತುವಿನ ಭಾವನೆಗೆ ಪರಿಪೂರ್ಣನೇ ಕಾರಣನಾಗಿರಬೇಕು, ಅಂಥವನು ವಂಚಕನಾಗಲಾರನು, ಆದಕಾರಣ ಹೊರಗೆ ವಸ್ತುಗಳಿವೆಯೆಂದು ನಮಗೆ ಸ್ವಭಾವತಃ ತೋರುವುದು ಸುಳ್ಳಲ್ಲ. ಅಂದರೆ ಜಗತ್ತಿಗೆ ದೇವರೇ ಜಾಮೀನು! ಸ್ಪಷ್ಟಜ್ಞಾನಕ್ಕೆ ದೇವರು ಆಧಾರ, ದೇವರಿಗೆ ಸ್ಪಷ್ಟಜ್ಞಾನವೇ ಆಧಾರವೆಂದರೆ ಸುತ್ತಿ ಸುತ್ತಿ ಅಲ್ಲಿಗೇ ಬಂದಂತಾಯಿತಲ್ಲ ಎಂದು ಆರ್ನೋ ಎಂಬ ಸಮಕಾಲೀನನು ಆಗಲೇ ಆಕ್ಷೇಪಿಸಿದನು. ಜಾಮೀನುದಾರನ ಯೋಗ್ಯತೆಯನ್ನು ಸಾಲಗಾರನ ಬಾಯಿಂದಲೇ ವಿಚಾರಿಸಿ ತೃಪ್ತನಾಗುವ ಸಾಹುಕಾರನನ್ನು ನಾವಂತೂ ಕಂಡಿಲ್ಲ.

ಮಿಥಿಲೆಯ ಉದಯನಾಚಾರ್ಯರ ಹಾದಿ ಇದಕ್ಕೆ ವಿಪರೀತವಾದುದು. ಅವರ ‘ನ್ಯಾಯಕುಸುಮಾಂಜಲಿ’ಯಲ್ಲಿ ಜಗತ್ತೇ ಸಾಕ್ಷಿ, ದೇವರು ಸಾಧ್ಯ. ಗಡಿಗೆಗೆ ಕುಂಬಾರನಿರುವಂತೆ, ಕಾರ್ಯರೂಪವಾದ ಪೃಥಿವ್ಯಾದಿಗಳಿಗೂ ಬುದ್ಧಿಯುಳ್ಳ ಕರ್ತನೊಬ್ಬನಿರಲೇಬೇಕು.

ಈ ಗಡಿಗೆಯನ್ನು ಒಡೆದವರು ನಾಸ್ತಿಕರೇ ಎಂದು ಬಹುಮಂದಿಯ ಎಣಿಕೆ. ಮೇಲುಕೋಟೆಯಲ್ಲಿ ಇಂದಿಗೂ ಪೂಜೆಗೊಳ್ಳುತ್ತಿರುವ ಶ್ರೀ ರಾಮಾನುಜಾಚಾರ್ಯರೇ ಶ್ರೀಭಾಷ್ಯದಲ್ಲಿ ಅದನ್ನು ಒಡೆದಿದ್ದಾರೆ! ಜಗತ್ತು ಸತ್ಯವೆಂಬುದರಲ್ಲಿ ಅವರಿಗೆ ಸಂದೇಹವಿಲ್ಲ. ಆದರೆ ಬೆಟ್ಟಸಮುದ್ರಗಳೆಲ್ಲವೂ ಒಂದೇ ಕಾಲದಲ್ಲಿ ಒಬ್ಬನಿಂದಲೇ ಆದುವೆಂಬುದಕ್ಕೆ ಏನು ಪ್ರಮಾಣ? ಪುಣ್ಯವಿಶೇಷದಿಂದ ಶಕ್ತಿಹೊಂದಿದ ಜೀವರು ಬೇರೆ ಬೇರೆ ಕಾಲದಲ್ಲಿ ಮಾಡಿರಬಾರದೇಕೆ? ನಾವು ಕಂಡ ಕುಂಬಾರರೆಲ್ಲರೂ ಶರೀರಿಗಳಷ್ಟೆ. ದೃಷ್ಟಾಂತವನ್ನು ನೆಚ್ಚಿದರೆ ಶರೀರಿಯೇ ಸಿಕ್ಕಾನಲ್ಲದೆ ಸರ್ವೇಶ್ವರನು ಸಿಕ್ಕಲಾರನು. ಆದುದರಿಂದ ಈಶ್ವರನ ವಿಷಯದಲ್ಲಿ ಶಾಸ್ತ್ರವೇ ಪ್ರಮಾಣವೆಂದು ಅವರ ಸಿದ್ಧಾಂತ. ಶತಮಾನಗಳ ತರುವಾಯ, ಸಂಶಯವಾದಿಯೆಂದು ಪ್ರಸಿದ್ಧನಾದ ಸ್ಕಾಟ್ಲೆಂಡಿನ ಹ್ಯೂಮ್ ಇಂಥದೇ ಆಕ್ಷೇಪವನ್ನು ತಂದನು. ಅವನು ತೀರಿಕೊಂಡ ಮೇಲೆ, 1779ರಲ್ಲಿ, ಪ್ರಕಟವಾದ ಸಂವಾದದಲ್ಲಿ, ಹಡಗನ್ನೂ ಮನೆಯನ್ನೂ ಹಲವರು ಕೂಡಿ ಕಟ್ಟುವಂತೆ ಲೋಕವನ್ನೂ ಹಲವು ದೇವತೆಗಳು ಕಟ್ಟಿರಬಾರದೇಕೆಂಬ ಪ್ರಶ್ನೆಯಿದೆ. ಪರಮಭಕ್ತನೂ ಸಂಶಯವಾದಿಯೂ ಒಂದೇ ಕಟ್ಟೆಯಲ್ಲಿ ಸಂಧಿಸಿದುದನ್ನು ವಾಚಕರು ಗಮನಿಸಬೇಕು.

ಹೀಗಿರಲು, ಸಭೆಗಳಲ್ಲಿ ಸೃಷ್ಟಿಯ ಅಚ್ಚುಕಟ್ಟನ್ನು ವರ್ಣಿಸಿ ದೇವರನ್ನು ರುಜುವಾತು ಮಾಡುವ ಉಪನ್ಯಾಸಕರು, ಒಪ್ಪದ ಶ್ರೋತೃಗಳನ್ನು ನಾಸ್ತಿಕರೆಂದು ಜರೆಯುವುದು ನಮಗೆ ಸರಿಕಾಣದು. ವಾದವನ್ನು ಒಪ್ಪದಿರುವುದು ಬೇರೆ, ದೇವರನ್ನು ಒಪ್ಪದಿರುವುದು ಬೇರೆ.

ಆದರೆ ಆಚಾರ್ಯರ ನಿಲುವಿಗೂ ಬೆಲೆ ತೆರಬೇಕಾಗುತ್ತದೆ. ಶಾಸ್ತ್ರವನ್ನೇ ಒಪ್ಪದವನ ಮುಂದಿಡಲು ಅವರು ಈ ಅನುಮಾನವನ್ನು ಉಳಿಸಿಲ್ಲ. ಉದಯನರು ಬೌದ್ಧರೇ ಮೊದಲಾದ ಅಂಥ ಪ್ರತಿವಾದಿಗಳನ್ನು ಎದುರಿಗಿಟ್ಟುಕೊಂಡೇ ತಮ್ಮ ಗ್ರಂಥವನ್ನು ರಚಿಸಿದ್ದರು.