ಪರದೇಶದ ಹಾದಿಯಲ್ಲಿ ಇಬ್ಬರು ಓಟಗಾರರು

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ದೇಶ ಸುತ್ತುವುದರಲ್ಲಿಯೂ ನಾನಾ ಬಗೆಗಳುಂಟು. ಯಾತ್ರಿಕನು ಪುಣ್ಯಕ್ಕಾಗಿ ಸುತ್ತುತ್ತಾನೆ. ವರ್ತಕನು ಲಾಭಕ್ಕಾಗಿ, ವಿದ್ಯಾರ್ಥಿಯು ಜ್ಞಾನಕ್ಕಾಗಿ. ಆಯಾಸವಾದಾಗ ಮರದ ನೆರಳಿನಲ್ಲಿ ಕುಳಿತುಕೊಳ್ಳುವ ಸ್ವಾತಂತ್ರ್ಯ ಇವರೆಲ್ಲರಿಗೂ ಇದೆ. ಪರದೇಶದ ಬೀದಿಯಲ್ಲಿ ಇಪ್ಪತ್ತಾರು ಮೈಲಿ ಓಡಬೇಕೆಂದು ಹೊರಟವನಿಗೆ ಮಾತ್ರ ಆ ಸ್ವಾತಂತ್ರ್ಯವಿಲ್ಲ. ಅಲ್ಲಿಯ ಬಿಸಿಲು, ಗಾಳಿ, ಏರುತಗ್ಗುಗಳನ್ನು ಅವನು ತನ್ನ ಉಸಿರಿನಿಂದಲೂ ಮೊಣಕಾಲುಗಳಿಂದಲೂ ಅರಿಯಬೇಕಾಗುತ್ತದೆ. ಅವನ ಬೆನ್ನ ಮೇಲೆ ಕಾಣದ ಇನ್ನೊಂದು ಹೊರೆಯೂ ಇರುತ್ತದೆ: ಊರಿನಲ್ಲಿ ಬೀಳ್ಕೊಟ್ಟವರ ನಿರೀಕ್ಷೆ.

ಹೀಗೆ ಹೊರಟವರಲ್ಲಿ ಇಬ್ಬರ ಕಥೆ ನಮಗೆ ವಿಶೇಷವಾಗಿ ಮನನೀಯವಾದುದು. ಒಬ್ಬನು ಜಪಾನಿನ ಷಿಜೊ ಕನಕುರಿ. ಇನ್ನೊಬ್ಬನು ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ.

೧೯೧೨ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದಲ್ಲಿ ನಡೆದ ಒಲಿಂಪಿಕ್ ಪಂದ್ಯಗಳಿಗೆ ಜಪಾನ್ ಮೊಟ್ಟಮೊದಲಿಗೆ ಕಳುಹಿಸಿದ ಓಟಗಾರರು ಇಬ್ಬರೇ. ಅವರಲ್ಲಿ ಕನಕುರಿ ಒಬ್ಬ. ಆಗ ಆತನಿಗೆ ಇಪ್ಪತ್ತು ವರ್ಷ. ಟೋಕಿಯೊದ ಉಚ್ಚ ಶಿಕ್ಷಕ ಶಿಕ್ಷಣ ಶಾಲೆಯಲ್ಲಿ ವಿದ್ಯಾರ್ಥಿ. ಜೂಡೊ ವಿದ್ಯೆಯ ಪ್ರವರ್ತಕರಾದ ಜಿಗೊರೊ ಕಾನೊ ಅವರೇ ಆ ಶಾಲೆಯ ಮುಖ್ಯಸ್ಥರು. ಪ್ರಯಾಣದ ವೆಚ್ಚಕ್ಕಾಗಿ ಸಹಪಾಠಿಗಳು ಚಂದಾ ಎತ್ತಿದರು. ಹಡಗನ್ನೇರಿ, ಬಳಿಕ ಸೈಬೀರಿಯಾದ ರೈಲಿನಲ್ಲಿ ದಿನಗಟ್ಟಲೆ ಕುಳಿತು, ಹದಿನೆಂಟು ದಿನಗಳ ಮೇಲೆ ಆತ ಸ್ಟಾಕ್‌ಹೋಮ್ ಸೇರಿದ. ಬೇಸಗೆಯ ಆ ಉತ್ತರ ದೇಶದಲ್ಲಿ ರಾತ್ರಿಯೂ ಬೆಳಕು ಆರದು, ನಿದ್ರೆ ಬಾರದು. ಊಟ ಒಗ್ಗದು. ಜತೆಯಲ್ಲಿ ಬಂದಿದ್ದ ತರಬೇತುದಾರರು ಕ್ಷಯರೋಗದಿಂದ ಬಳಲುತ್ತಿದ್ದರು.

ಜುಲೈ ೧೪ರ ಮಧ್ಯಾಹ್ನ ಸುಡುಬಿಸಿಲಿನಲ್ಲಿ ಓಟ ಆರಂಭವಾಯಿತು. ಹೊರಟವರು ೬೮ ಮಂದಿ. ಅವರಲ್ಲಿ ಗುರಿ ಮುಟ್ಟಿದವರು ಸುಮಾರು ಅರ್ಧದಷ್ಟು ಜನ. ಪೋರ್ಚುಗಲ್ಲಿನ ಫ್ರಾನ್ಸಿಸ್ಕೊ ಲಾಜಾರೊ ದಾರಿಯಲ್ಲಿ ಕುಸಿದು, ಮರುದಿನ ಪ್ರಾಣಬಿಟ್ಟ. ಕನಕುರಿಯ ಶರೀರವೂ ಅರ್ಧಕ್ಕಿಂತ ಹೆಚ್ಚು ದೂರ ಕ್ರಮಿಸಿದ ಬಳಿಕ ಸೋತಿತು. ಸೊಲ್ಲೆಂಟುನಾ ಎಂಬಲ್ಲಿ ತೋಟವೊಂದರಲ್ಲಿದ್ದ ಒಂದು ಕುಟುಂಬ ಆತನಿಗೆ ಕುಡಿಯಲು ಕೊಟ್ಟು ಉಪಚರಿಸಿತು. ಸುಧಾರಿಸಿಕೊಂಡ ಆತ ಪಂದ್ಯದ ಅಧಿಕಾರಿಗಳಿಗೆ ತಿಳಿಸದೆಯೇ ರೈಲು ಹತ್ತಿ ನಗರಕ್ಕೆ ಮರಳಿದ. ಅಪರಿಚಿತರ ದಯೆಯನ್ನು ಸ್ವೀಕರಿಸಿದ ಆ ತರುಣನಿಗೆ ಸೋಲನ್ನು ಬಾಯಿಬಿಟ್ಟು ಹೇಳುವುದು ಓಡುವುದಕ್ಕಿಂತಲೂ ಕಠಿನವಾಗಿತ್ತು. ಸ್ವಂತ ಹಣದಿಂದ ಬಂದವನು ಸೋತರೆ ತಾನೊಬ್ಬನೇ ಸೋಲುತ್ತಾನೆ. ಸಹಪಾಠಿಗಳ ಚಂದಾಹಣದಿಂದ ಬಂದವನಿಗೆ ಅಷ್ಟು ಮಂದಿಗೂ ಉತ್ತರ ಹೇಳಬೇಕಾಗುತ್ತದೆ.

ಆ ಬಳಿಕ ಮಹಾಯುದ್ಧ ಬಂದಿತು. ಬರ್ಲಿನ್ನಿನಲ್ಲಿ ನಡೆಯಬೇಕಾಗಿದ್ದ ೧೯೧೬ರ ಪಂದ್ಯಗಳು ನಿಂತುಹೋದವು. ಮತ್ತೆ ಒಲಿಂಪಿಕ್ ಪಂದ್ಯಗಳು ನಡೆದದ್ದು ೧೯೨೦ರಲ್ಲಿ, ಯುದ್ಧದಿಂದ ಜರ್ಜರಿತವಾದ ಬೆಲ್ಜಿಯಮ್ಮಿನ ಆಂಟ್‌ವರ್ಪ್ ನಗರದಲ್ಲಿ.

ಇತ್ತ ಪುಣೆಯಲ್ಲಿ ಡೆಕ್ಕನ್ ಜಿಮಖಾನಾದ ಅಧ್ಯಕ್ಷರಾಗಿದ್ದ ಸರ್ ದೊರಾಬ್ಜಿ ಟಾಟಾ ಅವರು ಅಲ್ಲಿಯ ಓಟದ ಪಂದ್ಯಗಳನ್ನು ನೋಡಿದ್ದರು. ಹೊಲಗದ್ದೆಗಳಿಂದ ಬಂದ ರೈತರು ಶಾಸ್ತ್ರೀಯ ಶಿಕ್ಷಣವಿಲ್ಲದೆ, ಬರಿಗಾಲಿನಲ್ಲಿ, ಯುರೋಪಿನವರಿಗೆ ಸರಿದೊರೆಯೆನ್ನಬಹುದಾದ ವೇಗದಲ್ಲಿ ಓಡುವುದನ್ನು ಕಂಡು ಅವರು ಬೆರಗಾದರು. ಅವರ ಪ್ರಯತ್ನದಿಂದಲೂ ಧನಸಹಾಯದಿಂದಲೂ ಭಾರತದ ಮೊದಲ ಒಲಿಂಪಿಕ್ ತಂಡ ಸಿದ್ಧವಾಯಿತು. ಕೆಲವೇ ಮಂದಿಯ ಆ ಚಿಕ್ಕ ತಂಡದಲ್ಲಿ ಚೌಗುಲೆ ಒಬ್ಬ. ಅಂದಿನ ಬೆಳಗಾವಿ ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಆದರೆ 'ಫಡೆಪ್ಪ', 'ದರೆಪ್ಪ' ಎಂಬ ಹೆಸರುಗಳಲ್ಲಿ ಕನ್ನಡದ ಕಿವಿಗೆ ಮನೆಯ ದನಿಯೇ ಕೇಳಿಸುತ್ತದೆ.

ಆಗಸ್ಟ್ ೨೨ರಂದು ಆಂಟ್‌ವರ್ಪಿನಲ್ಲಿ ಮ್ಯಾರಥಾನ್ ಓಟ ನಡೆಯಿತು. ಮಳೆಯ ದಿನ, ತಣ್ಣನೆಯ ಹವೆ. ಹಾದಿಯ ಉದ್ದ ೪೨.೭೫ ಕಿಲೋಮೀಟರು, ಇಂದಿಗೂ ಒಲಿಂಪಿಕ್ ಮ್ಯಾರಥಾನುಗಳಲ್ಲಿ ಇಷ್ಟು ದೀರ್ಘವಾದುದು ಇನ್ನೊಂದಿಲ್ಲ. ೪೨.೧೯೫ ಕಿಲೋಮೀಟರು ಎಂಬ ಅಳತೆ ಸ್ಥಿರವಾದದ್ದು ಮರುವರ್ಷ. ಫಿನ್ಲೆಂಡಿನ ಹಾನೆಸ್ ಕೊಲೆಹ್‌ಮೈನೆನ್ ೨ ಗಂಟೆ ೩೨ ನಿಮಿಷಗಳ ಮೇಲೆ ಕೆಲವು ಸೆಕೆಂಡುಗಳಲ್ಲಿ ಓಡಿ ಗೆದ್ದ. ಎಂಟು ವರ್ಷಗಳ ಹಿಂದೆ ದಾರಿಯಲ್ಲಿ ಕುಸಿದಿದ್ದ ಕನಕುರಿ ಈ ಸಲ ಹದಿನಾರನೆಯವನಾಗಿ ಗುರಿ ಮುಟ್ಟಿದ. ಅವನ ಹಿಂದೆಯೇ, ಸುಮಾರು ಎರಡು ನಿಮಿಷಗಳ ಅಂತರದಲ್ಲಿ, ೨ ಗಂಟೆ ೫೦ ನಿಮಿಷ ಕಳೆದ ಮೇಲೆ, ಹತ್ತೊಂಬತ್ತನೆಯವನಾಗಿ ಚೌಗುಲೆ ಬಂದ. ಅವನೊಡನೆ ಓಟಕ್ಕೆ ಇಳಿದಿದ್ದ ಸದಾಶಿವ ದಾತಾರನಿಗೆ ಗುರಿ ಮುಟ್ಟಲಾಗಲಿಲ್ಲ. ಆಳುವವರ ಧ್ವಜದ ಕೆಳಗೆ, ಭಾಷೆ ತಿಳಿಯದ ನಾಡಿನಲ್ಲಿ, ಮಳೆಯಲ್ಲಿ ತೊಯ್ದು ಹದಿನೆಂಟು ಜನರ ಹಿಂದೆ ಬಂದ ಆ ಬೆಳಗಾವಿಯವನ ಸಾಧನೆ ಅಲ್ಪವೆಂದು ಯಾರು ಹೇಳಿಯಾರು?

ಇಲ್ಲಿಂದ ಮುಂದೆ ಇಬ್ಬರ ಹಾದಿಗಳೂ ಬೇರೆಯಾಗುತ್ತವೆ. ಜಪಾನ್ ತನ್ನ ಓಟಗಾರನನ್ನು ಮರೆಯಲಿಲ್ಲ. ವಿದ್ಯಾರ್ಥಿಗಳಿಗಾಗಿ ೧೯೨೦ರಲ್ಲಿ ಆರಂಭವಾದ ಹಾಕೊನೆಯ ಸರದಿ ಓಟದ ಹಿಂದೆ ಕನಕುರಿಯ ದುಡಿಮೆಯಿತ್ತು. ಆ ಓಟ ಇಂದಿಗೂ ಪ್ರತಿ ಹೊಸವರ್ಷದಲ್ಲಿ ನಡೆಯುತ್ತಿದೆ. ಜಪಾನೀಯರು ಆತನನ್ನು ತಮ್ಮ ಮ್ಯಾರಥಾನಿನ ಪಿತಾಮಹನೆಂದು ಗೌರವಿಸುತ್ತಾರೆ. ೧೯೬೭ರಲ್ಲಿ ಸ್ವೀಡನ್ನಿನವರು ಎಪ್ಪತ್ತೈದು ವರ್ಷದ ಆ ವೃದ್ಧನನ್ನು ಆಹ್ವಾನಿಸಿ, ಅಂದು ಉಳಿದಿದ್ದ ಓಟವನ್ನು ಮುಗಿಸಲು ಬಿನ್ನವಿಸಿದರು. ಆತ ಸ್ಟಾಕ್‌ಹೋಮಿನ ಕ್ರೀಡಾಂಗಣದಲ್ಲಿ ಓಡಿ ಗುರಿಯ ದಾರವನ್ನು ಹರಿದಾಗ ಲೆಕ್ಕಕ್ಕೆ ಬಂದ ಕಾಲ: ೫೪ ವರ್ಷ, ೮ ತಿಂಗಳು, ೬ ದಿನ, ೫ ಗಂಟೆ, ೩೨ ನಿಮಿಷ, ೨೦.೩ ಸೆಕೆಂಡು. ಓಟದ ನಡುವೆ ತನಗೆ ಮದುವೆಯಾಗಿ ಮಕ್ಕಳೂ ಮೊಮ್ಮಕ್ಕಳೂ ಆದರೆಂದು ಆತ ನಗೆಯಾಡಿದನಂತೆ. ಇಡೀ ಒಂದು ಬಾಳಿನ ಲಜ್ಜೆಯನ್ನು ಹೀಗೆ ನಗೆಯಾಗಿ ಕರಗಿಸಿದ ಆ ಆತಿಥ್ಯ ಎಷ್ಟು ಹಿರಿದು!

ಚೌಗುಲೆಗೆ ಅಂತಹ ಕರೆ ಯಾವ ನಾಡಿನಿಂದಲೂ ಬರುವ ಕಾರಣವಿರಲಿಲ್ಲ; ಆತ ಓಟವನ್ನು ಅಂದೇ ಮುಗಿಸಿದ್ದ. ಆದರೆ ಮುಗಿಸಿದವನನ್ನು ನೆನೆಯುವ ಕೆಲಸ ನಮ್ಮದಾಗಿತ್ತು. ನಮ್ಮ ತರಗತಿಗಳಲ್ಲಿ ಆತನ ಹೆಸರು ಕೇಳಿಬರುವುದು ಅಪರೂಪ. ಮೊದಲು ಬಂದವರ ಹೆಸರನ್ನು ಕಂಠಪಾಠ ಮಾಡಿಸುವ ನಮ್ಮ ವಿದ್ಯಾಭ್ಯಾಸಕ್ರಮದಲ್ಲಿ ಹತ್ತೊಂಬತ್ತನೆಯವನಿಗೆ ಎಡೆಯೆಲ್ಲಿ? ಜಪಾನ್ ಕೊಂಡಾಡಿದ್ದಾದರೂ ಗೆದ್ದವನನ್ನಲ್ಲವಷ್ಟೆ! ಸೋತರೂ ಓಟವನ್ನು ಬಿಡದೆ, ಕಿರಿಯರಿಗೆ ಹಾದಿ ಮಾಡಿಕೊಟ್ಟವನನ್ನು ಅದು ಕೊಂಡಾಡಿತು.

ಇಂದು ಬಾಸ್ಟನ್, ಬರ್ಲಿನ್, ಟೋಕಿಯೊ ನಗರಗಳ ಬೀದಿಗಳಲ್ಲಿ ಓಡುವುದಕ್ಕೆಂದೇ ಬೆಂಗಳೂರಿನಿಂದ ವಿಮಾನವೇರುವ ಹವ್ಯಾಸಿಗಳಿದ್ದಾರೆ. ಗುರಿ ಮುಟ್ಟಿದವರಿಗೆಲ್ಲ ಅಲ್ಲಿ ಪದಕ ದೊರೆಯುತ್ತದೆ. ಈ ಉತ್ಸಾಹ ಸ್ತುತ್ಯವಾದುದು. ಆದರೆ ಕೈಯಲ್ಲಿ ಹಿಂದಿರುಗುವ ಟಿಕೆಟಿಟ್ಟುಕೊಂಡು ಓಡುವ ಈ ತರುಣ ತರುಣಿಯರಿಗೆ, ಒಂದು ಶತಮಾನದ ಹಿಂದೆ ಹಡಗಿನಲ್ಲಿ ಹೋಗಿ ಆಂಟ್‌ವರ್ಪಿನ ಮಳೆಯಲ್ಲಿ ಓಡಿದ ನಮ್ಮವನೊಬ್ಬನಿದ್ದನೆಂದು ತಿಳಿದಿರಬೇಕು. ತಿಳಿಸುವ ಹೊಣೆ ಉಪಾಧ್ಯಾಯರಾದ ನಮ್ಮ ಮೇಲಿದೆ.