ವೇಗೋತ್ಕರ್ಷ ಅಂದ್ರೆ ಆಕ್ಸಿಲರೇಷನ್ನೇ ಕಣೋ!

ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಗೆ ಸೈನ್ಸ್ ತಗೊಂಡವರಿಗೆ ಕಾಲೇಜಿನ ಮೊದಲ ತಿಂಗಳು ಹೇಗಿರುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹತ್ತನೇ ತರಗತಿವರೆಗೆ ಊರಿಗೇ ಜಾಣ ಅನ್ನಿಸಿಕೊಂಡವನು, ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಕ್ಲಾಸಿನ ದಡ್ಡ ಆಗಿಬಿಡುತ್ತಾನೆ. 2011ರಲ್ಲಿ ಅರಸೀಕೆರೆ ಪಕ್ಕದ ಹಳ್ಳಿಯಿಂದ ಹಾಸನದ ಕಾಲೇಜಿಗೆ ಬಂದ ನನ್ನ ಕಥೆಯೂ ಅದೇ.

ವೇಗೋತ್ಕರ್ಷ, ಜಡತ್ವ, ವರ್ಗಸಮೀಕರಣ, ಲ.ಸಾ.ಅ. ಎಲ್ಲ ನಮಗೆ ಗೊತ್ತಿದ್ದವೇ. ಅವೇ ಆಕ್ಸಿಲರೇಷನ್, ಇನರ್ಷಿಯಾ, ಕ್ವಾಡ್ರಾಟಿಕ್ ಈಕ್ವೇಷನ್, ಎಲ್‌ಸಿಎಂ ಅಂತ ಹೆಸರು ಬದಲಿಸಿಕೊಂಡು ಬೋರ್ಡ್ ಮೇಲೆ ಬಂದಾಗ ಗುರುತೇ ಸಿಗಲಿಲ್ಲ. ಸುತ್ತಲಿನವರೆಲ್ಲ ತಲೆಯಾಡಿಸುವಾಗ ಎದ್ದು ಕೇಳೋಕೆ ನಾಚಿಕೆ.

ನನ್ನ ಬೆಂಚಿನ ಗೆಳೆಯ ದಿನಾ ಬಸ್ಸಲ್ಲಿ ಹಳ್ಳಿಯಿಂದ ಬರುತ್ತಿದ್ದ. ಅವನದೂ ಕನ್ನಡ ಮಾಧ್ಯಮ, ಲೆಕ್ಕದಲ್ಲಿ ನನಗಿಂತ ಚುರುಕು. ಮೊದಲ ಟೆಸ್ಟಲ್ಲಿ ಇಬ್ಬರೂ ಫೇಲ್. "ನಮ್ಗೆ ತಲೆ ಇಲ್ಲ ಬಿಡೋ" ಅಂದ. ದಸರಾ ರಜೆ ಮುಗಿದ ಮೇಲೆ ಅವನು ಬರಲೇ ಇಲ್ಲ.

ನಾನು ಉಳಿದುಕೊಂಡಿದ್ದು ಹಾಸ್ಟೆಲಿನ ಸೀನಿಯರ್ ಒಬ್ಬರಿಂದ. ನನ್ನ ಹತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕವನ್ನ ಊರಿಂದ ತರಿಸಿ, ಇಂಗ್ಲಿಷ್ ಪುಸ್ತಕದ ಪಕ್ಕ ಬಿಡಿಸಿಟ್ಟರು. "ವೇಗೋತ್ಕರ್ಷ ಅಂದ್ರೆ ಆಕ್ಸಿಲರೇಷನ್ನೇ ಕಣೋ. ನಿಂಗೆ ಫಿಸಿಕ್ಸ್ ಬರುತ್ತೆ, ಹೆಸರು ಗೊತ್ತಿಲ್ಲ ಅಷ್ಟೇ" ಅಂದರು. ಅವತ್ತಿಂದ ಒಂದು ನೋಟ್‌ಬುಕ್ ಶುರುವಾಯಿತು. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ, ದಿನಕ್ಕೆ ಹತ್ತು. ಡಿಸೆಂಬರ್ ಹೊತ್ತಿಗೆ, ಬರೀ ಕಿವಿಗೆ ಬೀಳುತ್ತಿದ್ದ ಪಾಠ ತಲೆಗೂ ಹತ್ತತೊಡಗಿತು.

'ಗೊತ್ತಿಲ್ಲ' ಬೇರೆ, 'ಕೈಲಾಗಲ್ಲ' ಬೇರೆ. ಹದಿನಾರರಲ್ಲಿ ಕಲಿತ ಈ ಪಾಠ ಇವತ್ತಿಗೂ ನನ್ನ ಅನ್ನ ಹುಟ್ಟಿಸುತ್ತಿದೆ. ಸಾಫ್ಟ್‌ವೇರ್‌ನಲ್ಲಿ ವರ್ಷಕ್ಕೊಂದು ಹೊಸ ಪದಕೋಶ ಬರುತ್ತೆ. ಮೀಟಿಂಗಲ್ಲಿ "ಹಾಗಂದ್ರೇನು?" ಅಂತ ಮೊದಲು ಕೇಳುವವನು ನಾನೇ. ಉತ್ತರವನ್ನ ಉಳಿದವರೂ ಮೆಲ್ಲಗೆ ಬರೆದುಕೊಳ್ಳುತ್ತಾರೆ!

1ರಿಂದ 10ರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇ 5ರಷ್ಟು ಮೀಸಲಾತಿ ಇದೆ. ಆದರೆ ಆ ಸೀಟಿನವರೆಗೆ ತಲುಪಬೇಕಾದರೆ ಪಿಯುಸಿಯ ಮೊದಲ ಆರು ತಿಂಗಳು ದಾಟಬೇಕಲ್ಲ?

ನಿಮ್ಮ ಅಕ್ಕನ ಮಗನೋ, ಚಿಕ್ಕಪ್ಪನ ಮಗಳೋ ಈ ವರ್ಷ ಹಾಗೆ ಪಿಯುಸಿ ಸೇರಿದ್ದರೆ ಒಂದು ಫೋನ್ ಮಾಡಿ. ಮಾರ್ಕ್ಸ್ ಎಷ್ಟು ಅಂತ ಬೇಡ, "ಯಾವ ಪದ ಅರ್ಥ ಆಗ್ತಿಲ್ಲ?" ಅಂತ ಕೇಳಿ. ನನ್ನ ಗೆಳೆಯನಿಗೆ ಹಾಗೆ ಕೇಳುವವರು ಯಾರೂ ಇರಲಿಲ್ಲ.