ಸಿಸ್ಟರ್ ಅವರ ಸಂಬಳ ಯಾರಿಗೆ?

ಹುಬ್ಬಳ್ಳಿಯ ಕೇಶ್ವಾಪುರದ ಕಡೆ ಬೆಳೆದವರಿಗೆ ಕಾನ್ವೆಂಟಿನ ಕ್ಯಾಥೊಲಿಕ್ ಸಿಸ್ಟರ್‌ಗಳು ಹೊಸಬರಲ್ಲ. ಮಗುವಿನ ಅಡ್ಮಿಶನ್ನಿಗೆ ಹೋದ ತಾಯಿ ‘ಒಂದೀಟು ನೋಡ್ರಿ ಸಿಸ್ಟರ್’ ಅಂತ ಕೇಳಿಕೊಳ್ಳುವುದು, ಆಸ್ಪತ್ರೆಯ ವಾರ್ಡಿನಲ್ಲಿ ಮುದುಕರು ಅವರನ್ನೇ ಕೂಗಿ ಕರೆಯುವುದು ಹುಬ್ಬಳ್ಳಿ-ಧಾರವಾಡ ಅವಳಿ ನಗರದ ದಿನನಿತ್ಯದ ಮಾತು. ಅವರ ಕೆಲಸ ನಮಗೆ ಗೊತ್ತು. ಬದುಕು ಮಾತ್ರ ಗೊತ್ತಿಲ್ಲ. ಶಾಲೆ ಬಿಟ್ಟ ಮೇಲೆ ಅವರ ದಿನ ಹೇಗೆ ಸಾಗುತ್ತದೆ? ತಿಂಗಳ ಸಂಬಳ ಏನಾಗುತ್ತದೆ?

ಈ ಎರಡನೆಯ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಅನುದಾನಿತ ಶಾಲೆಗಳಲ್ಲಿ ಪಾಠ ಹೇಳುವ ಸಿಸ್ಟರ್‌, ಫಾದರ್‌ಗಳ ಸಂಬಳದಲ್ಲಿ ಆದಾಯ ತೆರಿಗೆ ಮುರಿಯಬಹುದೇ ಎಂಬುದು ವ್ಯಾಜ್ಯ. ಬಡತನದ ವ್ರತ ತೊಟ್ಟವರು ನಾವು, ಹಣ ನೇರ ನಾವು ಸೇರಿದ ಧಾರ್ಮಿಕ ಸಭೆಗೆ ಹೋಗುತ್ತದೆ, ನಮ್ಮದೆಂಬ ಆದಾಯವೇ ಇಲ್ಲ ಎಂಬುದು ಅವರ ವಾದ. 2024ರ ನವೆಂಬರ್ 7ರಂದು ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಸಂಬಳ ಪಡೆದವರು ಆಮೇಲೆ ಅದನ್ನು ಯಾರಿಗೆ ಕೊಟ್ಟರೂ ತೆರಿಗೆ ತೆರಿಗೆಯೇ ಎಂದಿತು. ಕಾನೂನಿನ ದೃಷ್ಟಿಯಿಂದ ಅದು ಸರಿಯಿರಬಹುದು. ಆದರೆ ಸಿಸ್ಟರ್ ಒಬ್ಬರ ಬದುಕಿನ ತಿರುಳು ಆ ವಾದದಲ್ಲೇ ಇದೆ ಎಂದು ನನಗನಿಸುತ್ತದೆ. ದುಡಿಮೆ ಅವರದು, ಗಳಿಕೆ ಸಭೆಯದು. ಒಬ್ಬರ ಸಂಬಳದಲ್ಲಿ ಸಂಬಳವಿಲ್ಲದ ಇನ್ನೊಬ್ಬರ ಊಟ, ಹಾಸಿಗೆ ಹಿಡಿದ ಹಿರಿಯ ಸಿಸ್ಟರ್ ಒಬ್ಬರ ಔಷಧಿ, ಹಳ್ಳಿಯ ಯಾವುದೋ ದವಾಖಾನೆಯ ಖರ್ಚು ಎಲ್ಲ ನಡೆಯುತ್ತದೆ. ಕಾಯಕದ ಫಲ ದಾಸೋಹಕ್ಕೆ ಎಂಬ ಮಾತು ಕೇಳಿಕೊಂಡೇ ಬೆಳೆದ ಧಾರವಾಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಬದುಕಿಗೆ ಯಾರೂ ಒಂದೇ ದಿನದಲ್ಲಿ ಕಾಲಿಡುವುದಿಲ್ಲ. 1983ರ ಕ್ಯಾಥೊಲಿಕ್ ಧರ್ಮಸಭೆಯ ಕಾನೂನಿನ ಪ್ರಕಾರ 17 ತುಂಬದವರನ್ನು ನೊವಿಸ್ (ವ್ರತಕ್ಕೆ ಮುಂಚಿನ ಸಾಧಕಿ) ಆಗಿ ಸೇರಿಸಿಕೊಳ್ಳುವಂತಿಲ್ಲ. ಅದಕ್ಕೂ ಮೊದಲು ಕಾನ್ವೆಂಟಿನಲ್ಲಿದ್ದು ನೋಡುವ, ತನ್ನನ್ನು ತಾನು ತೂಗಿಕೊಳ್ಳುವ ಕಾಲ ಬೇರೆ ಇರುತ್ತದೆ. ನೊವಿಸ್ ಆದ ಮೇಲೆ ಕನಿಷ್ಠ 12 ತಿಂಗಳು ಪ್ರಾರ್ಥನೆ, ಅಧ್ಯಯನ, ಮೌನ. ಅನಂತರ ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳು. ಅವೂ ಮೊದಲಿಗೆ ತಾತ್ಕಾಲಿಕ. ಮೂರರಿಂದ ಆರು ವರ್ಷ, ಬೇಕಾದರೆ ಒಂಬತ್ತು ವರ್ಷದವರೆಗೂ ಈ ಅವಧಿ ನಡೆಯಬಹುದು. ಅವಧಿ ಮುಗಿದಾಗ ಇದು ನನ್ನ ದಾರಿಯಲ್ಲ ಎನಿಸಿದರೆ ಮನೆಗೆ ಮರಳಲು ಅಡ್ಡಿಯಿಲ್ಲ. ಉಳಿದವರು ಜೀವಮಾನದ ವ್ರತ ತೊಡುತ್ತಾರೆ.

ಮೂರರಲ್ಲಿ ಹೊರಗಿನವರಿಗೆ ಬ್ರಹ್ಮಚರ್ಯವೇ ದೊಡ್ಡದಾಗಿ ಕಾಣುತ್ತದೆ. ನನಗೆ ವಿಧೇಯತೆಯೇ ಕಠಿಣವೆನಿಸುತ್ತದೆ. ಹತ್ತು ವರ್ಷ ಬೆವರು ಹರಿಸಿ ಕಟ್ಟಿದ ಶಾಲೆಯನ್ನು ಒಂದು ವರ್ಗಾವಣೆ ಪತ್ರದ ಮೇಲೆ ಬಿಟ್ಟು, ಸಣ್ಣದೊಂದು ಟ್ರಂಕಿನೊಂದಿಗೆ ಮತ್ತೊಂದು ಊರಿಗೆ ಹೊರಡಬೇಕು. ಹೊಸ ಊರಿನ ಮಾತನ್ನೂ ಕಲಿಯಬೇಕು. ಮನೆಯಲ್ಲಿ ಕೊಂಕಣಿಯನ್ನೋ ಮಲಯಾಳವನ್ನೋ ಆಡಿ ಬೆಳೆದವರು ಕೆಲವೇ ವರ್ಷಗಳಲ್ಲಿ ‘ಹೌದಲ್ರಿ, ಬರ್ರಿ’ ಎನ್ನುವಷ್ಟು ನಮ್ಮವರಾಗುತ್ತಾರೆ. ಅಷ್ಟರಲ್ಲಿ ಮತ್ತೆ ಪತ್ರ ಬರುತ್ತದೆ.

ಕರ್ನಾಟಕದ ಸಿಸ್ಟರ್‌ಗಳ ಇತಿಹಾಸ ಬಹುಮಟ್ಟಿಗೆ ಕರಾವಳಿಯಲ್ಲಿ ಬೇರುಬಿಟ್ಟಿದೆ. ಕಾನ್‌ಸ್ಟಾಂಟಿನೋಪಲ್‌ನಲ್ಲಿ 1823ರಲ್ಲಿ ಹುಟ್ಟಿದ ಸೋಫಿ ಲೀವ್ಸ್ ಆಂಗ್ಲಿಕನ್ ಪಾದ್ರಿಯ ಮಗಳು. ಕ್ಯಾಥೊಲಿಕರಾಗಿ, ಕಲ್ಲಿಕೋಟೆಯಲ್ಲಿ ದುಡಿದು, ಮದರ್ ವೆರೋನಿಕಾ ಎಂಬ ಹೆಸರಿನಲ್ಲಿ 1868ರಲ್ಲಿ ಫ್ರಾನ್ಸಿನ ಬಯೋನ್‌ನಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಸಭೆ ಕಟ್ಟಿದರು. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುವುದು ಅದರ ಗುರಿ. ಎರಡು ವರ್ಷದ ಬಳಿಕ ಆ ಸಭೆಯ ಮೂವರು ಸಿಸ್ಟರ್‌ಗಳು ಮಂಗಳೂರಿಗೆ ಬಂದಿಳಿದರು. 1921ರಲ್ಲಿ ಅದೇ ಸಭೆಯವರು ತೆರೆದ ಸಂತ ಆಗ್ನೆಸ್ ಕಾಲೇಜು ಕರಾವಳಿಯ ಹೆಣ್ಣುಮಕ್ಕಳಿಗೆ ಪದವಿಯ ಬಾಗಿಲಾಯಿತು. ಅದೇ ವರ್ಷ ಜುಲೈ 16ರಂದು, ಅದೇ ಮಂಗಳೂರಿನಲ್ಲಿ, ನಾಲ್ವರು ಯುವತಿಯರನ್ನು ಸೇರಿಸಿ ಮೊನ್ಸಿಂಞೊರ್ ರೇಮಂಡ್ ಮಸ್ಕರೇನಸ್ ಬೆಥನಿ ಸಭೆ ಸ್ಥಾಪಿಸಿದರು. ಹೊರದೇಶದ ಹಂಗಿಲ್ಲದೆ ಈ ನೆಲದಲ್ಲೇ ಹುಟ್ಟಿದ ಸಭೆಯಿದು.

ಕರಾವಳಿಯಿಂದ ಹುಬ್ಬಳ್ಳಿಗೆ ಬಂದರೆ, ಇಲ್ಲಿನ ಕ್ಯಾಥೊಲಿಕರ ಕಥೆಯಲ್ಲಿ ರೈಲಿಗೂ ಪಾಲಿದೆ. ಸದರ್ನ್ ಮರಾಠಾ ರೈಲ್ವೆಯ ವರ್ಕ್‌ಶಾಪಿನ ಕೆಲಸ ಹುಡುಕಿಕೊಂಡು ಬಂದವರಲ್ಲಿ ಗೋವಾದ ಕಡೆಯ ಕ್ಯಾಥೊಲಿಕ್ ಕುಟುಂಬಗಳೂ ಇದ್ದವು. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯ ರಚನೆಯಾದಾಗ ಅವಳಿ ನಗರ ಅದರೊಳಗೆ ಬಂತು.

ಹೆಣ್ಣಿನ ಸನ್ಯಾಸವೂ ಧಾರವಾಡಕ್ಕೆ ಹೊಸದಲ್ಲ. 1970ರಲ್ಲಿ ಲಿಂಗಾಯತ ಸನ್ಯಾಸಿನಿ ಮಾತೆ ಮಹಾದೇವಿಯವರು ಜಗದ್ಗುರು ಪೀಠವೇರಿದ್ದು ಇದೇ ಊರಿನಲ್ಲಿ. ಆದರೆ ಸಿಸ್ಟರ್‌ಗಳಿಗೆ ಪೀಠವಿಲ್ಲ. ಅವರು ಚರ್ಚಿನ ಬಲಿಪೂಜೆ (ಮಾಸ್) ಅರ್ಪಿಸುವಂತಿಲ್ಲ, ಪಾದ್ರಿಯಾಗುವ ಗುರುದೀಕ್ಷೆ ಅವರಿಗಿಲ್ಲ. ಧರ್ಮಸಭೆಯ ದೊಡ್ಡ ನಿರ್ಧಾರಗಳಲ್ಲಿ ಶತಮಾನಗಳ ಕಾಲ ಅವರ ಮಾತು ನಡೆಯಲೇ ಇಲ್ಲ. ಶಾಲೆ, ಆಸ್ಪತ್ರೆಗಳ ಭಾರವನ್ನು ಇಷ್ಟೊಂದು ಹೊತ್ತವರಿಗೆ ಇದು ಅನ್ಯಾಯವೆಂದೇ ನನ್ನ ಭಾವನೆ. ತಡವಾಗಿಯಾದರೂ ಒಂದು ಬದಲಾವಣೆ ಕಂಡಿದೆ. ಜಗತ್ತಿನ ಎಲ್ಲ ಧಾರ್ಮಿಕ ಸಭೆಗಳ ವ್ಯವಹಾರ ನೋಡಿಕೊಳ್ಳುವ ವ್ಯಾಟಿಕನ್ ಇಲಾಖೆಗೆ 2025ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಮೊದಲ ಸಲ ಮಹಿಳೆಯೊಬ್ಬರನ್ನು ಮುಖ್ಯಸ್ಥೆಯನ್ನಾಗಿ ನೇಮಿಸಿದರು. ಇಟಲಿಯ ಸಿಸ್ಟರ್ ಸಿಮೋನಾ ಬ್ರಾಂಬಿಲ್ಲಾ ಅವರು. ಮೊಜಾಂಬಿಕ್‌ನಲ್ಲಿ ಸೇವೆ ಮಾಡಿ ಬಂದವರು, ಕಲಿತ ವೃತ್ತಿ ನರ್ಸಿಂಗ್.